ಆರು ಗೆರೆಯ ಅಕ್ಷರಾಭ್ಯಾಸ

ಓದುಬರಹ ಬಲ್ಲವರೆಂದು ಜನಗಣತಿಯಲ್ಲಿ ಬರೆಯಿಸಿಕೊಂಡವರೂ ಓದಲಾರದ ಬರಹಗಳು ಈ ಲೋಕದಲ್ಲಿ ಬೇಕಾದಷ್ಟಿವೆ. ಡಾಕ್ಟರರ ಚೀಟಿಯ ಮಾತು ಬಿಡಿ, ಅದನ್ನು ಔಷಧದ ಅಂಗಡಿಯವನಾದರೂ ಓದುತ್ತಾನೆ. ನಮ್ಮ ಊರ ಹೊಲದ ಹಳೆಯ ಕಾಗದಗಳು ಮೋಡಿ ಲಿಪಿಯಲ್ಲಿವೆ. ಅಜ್ಜ ಅವನ್ನು ಸರಾಗವಾಗಿ ಓದುತ್ತಿದ್ದ, ಅಪ್ಪ ತಡವರಿಸುತ್ತಿದ್ದ, ನನ್ನ ಕಣ್ಣಿಗೆ ಅದು ಇರುವೆಗಳ ಮೆರವಣಿಗೆ. ನಮ್ಮ ಕಚೇರಿಯ ಹಿರಿಯ ಸ್ಟೆನೋ ಬರೆದುಕೊಳ್ಳುವ ಶಾರ್ಟ್‌ಹ್ಯಾಂಡು ಆತನಿಗೊಬ್ಬನಿಗೇ ತಿಳಿಯುತ್ತದೆ. ಅದೂ ಅದೇ ದಿನ ಸಂಜೆಯೊಳಗೆ ಓದಿಕೊಂಡರೆ ಮಾತ್ರ. ಇಂಥ ಬರಹಗಳ ಸಾಲಿಗೆ ಸೇರಿದ ಇನ್ನೊಂದನ್ನು ನಾನು ನಾಲ್ವತ್ತು ದಾಟಿದ ಮೇಲೆ ಕಲಿತೆ. ಅದರ ಹೆಸರು ಗಿಟಾರ್ ಟ್ಯಾಬ್ಲೇಚರ್. ಹುಡುಗರು ಮೊಟಕಾಗಿ ಟ್ಯಾಬ್ ಎನ್ನುತ್ತಾರೆ.

ಕೇಂದ್ರ ಸರ್ಕಾರದ ಗುಮಾಸ್ತನಿಗೂ ಗಿಟಾರಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನಮ್ಮ ಕಚೇರಿಯಲ್ಲಿಯೂ ಕೇಳಿದರು. ಸಂಬಂಧ ನನ್ನ ಮಗನ ಮೂಲಕ ಬಂದದ್ದು. ಅವನು ಪುಣೆಯಲ್ಲಿ ಹುಟ್ಟಿ ಬೆಳೆದವನು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷು, ಸಿನಿಮಾಕ್ಕೆ ಹಿಂದಿ. ಹೀಗೆ ಮಾತು ನಾಲ್ಕಾದರೂ ಲಿಪಿ ಮಾತ್ರ ಎರಡೇ. ಕನ್ನಡವನ್ನು ಧಾರವಾಡದ ಧಾಟಿಯಲ್ಲಿ ಚೆನ್ನಾಗಿ ಆಡುತ್ತಾನೆ. ಅಜ್ಜಿಯೊಡನೆ ಜಗಳವನ್ನೂ ಆ ಭಾಷೆಯಲ್ಲಿಯೇ ಆಡುತ್ತಾನೆ. ಆದರೆ ಹುಬ್ಬಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ಯಾವ ಬಸ್ಸು ಯಾವ ಊರಿಗೆ ಎಂದು ಪಕ್ಕದವರನ್ನು ಕೇಳಬೇಕು. ಅವನಿಗಾಗಿ ಮೂರು ಸಲ ಅಂಕಲಿಪಿ ತಂದೆ. ಮೂರು ಸಲವೂ ವ್ಯಂಜನ ಮುಗಿದು ಕಾಗುಣಿತಕ್ಕೆ ಬರುವ ಹೊತ್ತಿಗೆ ಯಾವುದಾದರೊಂದು ಪರೀಕ್ಷೆ ಅಡ್ಡ ಬಂತು. ಇದನ್ನು ಓದುತ್ತಿರುವವರಲ್ಲಿ ಎಷ್ಟೋ ಜನರ ಮನೆಯಲ್ಲಿ ಇಂಥ ಅಂಕಲಿಪಿಗಳು ಅಟ್ಟದ ಮೇಲೆ ಇರಬಹುದು.

ಒಂಬತ್ತನೆಯ ಇಯತ್ತೆಯಲ್ಲಿ ಅವನು ಗಿಟಾರು ಬೇಕೆಂದ. ಕೊಡಿಸಿದೆವು. ನಮ್ಮ ಪೇಟೆಯಲ್ಲಿಯೇ ಒಬ್ಬರು ಮೇಷ್ಟರು ಸಿಕ್ಕರು. ಮೂರು ಭಾನುವಾರ ಹೋಗಿ ಬಂದ; ನಾಲ್ಕನೆಯ ಭಾನುವಾರ ಆರು ಗೆರೆಗಳ ಮೇಲೆ ಅಂಕಿಗಳಿದ್ದ ಒಂದು ಹಾಳೆಯನ್ನು ಎದುರಿಗಿಟ್ಟುಕೊಂಡು ನುಡಿಸತೊಡಗಿದ. ನಿಜ ಹೇಳುತ್ತೇನೆ, ನನಗೆ ಸಂತೋಷಕ್ಕಿಂತ ಹೊಟ್ಟೆಕಿಚ್ಚೇ ಹೆಚ್ಚಾಯಿತು. ನಾಲ್ವತ್ತೊಂಬತ್ತು ಅಕ್ಷರಕ್ಕೆ ಹದಿನಾಲ್ಕು ವರ್ಷ ಸಾಲಲಿಲ್ಲ, ಈ ಅಂಕಿಗಳಿಗೆ ಮೂರು ಭಾನುವಾರ ಸಾಕಾದವು! ಆ ಹಾಳೆಯಲ್ಲಿ ಅಂಥದೇನಿದೆ ಎಂಬ ಪ್ರಶ್ನೆ ಆಗಲೇ ತಲೆಯಲ್ಲಿ ಕುಳಿತಿತ್ತು. ಮುಂದೆ ಅವನು ಇಂಜಿನಿಯರಿಂಗ್ ಓದಲು ಬೇರೆ ಊರಿನ ಹಾಸ್ಟೆಲ್ಲಿಗೆ ಹೋದ. ಅಲ್ಲಿ ಕೋಣೆಯ ಜೊತೆಗಾರನ ಗಿಟಾರು ಇದ್ದುದರಿಂದ ಇವನದು ಮನೆಯಲ್ಲಿ ಉಳಿಯಿತು. ದೀಪಾವಳಿ ರಜೆಗೆ ಬಂದಾಗ, "ನನಗೂ ಅಷ್ಟು ಕಲಿಸಿಬಿಡೋ" ಎಂದೆ. ಹುಡುಗ ನನ್ನ ಮುಖವನ್ನು ಒಮ್ಮೆ ನೋಡಿ, ಇದು ತಮಾಷೆಯಲ್ಲವೆಂದು ಖಾತ್ರಿ ಮಾಡಿಕೊಂಡು, ಚಾಪೆ ಹಾಸಿದ.

ಪಾಠ ಬಹಳ ಸರಳ. ಹಾಳೆಯ ಮೇಲೆ ಅಡ್ಡಕ್ಕೆ ಆರು ಗೆರೆ. ಆರು ಗೆರೆ ಎಂದರೆ ಆರು ತಂತಿ. ಗೆರೆಯ ಮೇಲೆ ಅಂಕಿ. ವೀಣೆಯಲ್ಲಿ ನಾವು ಮೆಟ್ಟಿಲು ಎನ್ನುವುದಕ್ಕೆ ಗಿಟಾರಿನಲ್ಲಿ ಫ್ರೆಟ್ಟು ಎನ್ನುತ್ತಾರೆ. ಎಷ್ಟನೆಯ ಫ್ರೆಟ್ಟಿನ ಹಿಂದೆ ಬೆರಳು ಒತ್ತಬೇಕೋ ಅದೇ ಅಂಕಿ. ಸೊನ್ನೆ ಇದ್ದರೆ ಎಲ್ಲಿಯೂ ಒತ್ತದೆ ತಂತಿಯನ್ನು ಬರಿದೆ ಮೀಟಬೇಕು. ಅಂಕಿಗಳು ಒಂದರ ಮುಂದೊಂದಿದ್ದರೆ ಒಂದಾದ ಮೇಲೊಂದು ನುಡಿಸುವುದು, ಒಂದರ ಕೆಳಗೊಂದಿದ್ದರೆ ಎಲ್ಲವನ್ನೂ ಒಟ್ಟಿಗೆ ನುಡಿಸುವುದು. ನಡುನಡುವೆ ಎಚ್ ಎಂದು ಬರೆದಿದ್ದರೆ ಮೀಟದೆ ಬೆರಳಿನಿಂದಲೇ ತಂತಿಯನ್ನು ಸುತ್ತಿಗೆಯ ಹಾಗೆ ಬಡಿಯಬೇಕು, ಪಿ ಎಂದಿದ್ದರೆ ಒತ್ತಿದ ಬೆರಳನ್ನು ಎಳೆದು ಬಿಡಬೇಕು, ಓರೆ ಗೆರೆ ಇದ್ದರೆ ಜಾರಬೇಕು. ಇಷ್ಟೇ ವ್ಯಾಕರಣ.

ಒಂದೇ ಒಂದು ಸಂಗತಿ ಮೊದಲಿಗೆ ವಿಚಿತ್ರವೆನಿಸುತ್ತದೆ. ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡರೆ ದಪ್ಪ ತಂತಿ ಮೇಲೆ ಬರುತ್ತದೆ, ಸಣ್ಣ ತಂತಿ ಕೆಳಗೆ. ಹಾಳೆಯಲ್ಲಿ ಇದು ತಿರುವು ಮುರುವು: ಮೇಲಿನ ಗೆರೆ ಸಣ್ಣ ತಂತಿಯದು. ಮಗ ಇದಕ್ಕೆ ಕಾರಣ ತೋರಿಸಿದ. "ಅಪ್ಪಾ, ಕುತಿಗಿ ಬಗ್ಗಿಸಿ ಮ್ಯಾಲಿಂದ ನೋಡು. ಯಾವ ತಂತಿ ನಿನ್ನಿಂದ ದೂರ ಐತಿ? ಸಣ್ಣದು. ಹಾಳ್ಯಾಗ ದೂರ ಇದ್ದದ್ದು ಮ್ಯಾಲೆ ಬರತೈತಿ." ನೋಡಿದೆ, ಸರಿಯಾಗಿಯೇ ಇತ್ತು. ಊರಿನ ನಕಾಶೆಯನ್ನು ನೆಲದ ಮೇಲೆ ಹರಡಿದ ಹಾಗೆ.

ನಕಾಶೆ ಎಂಬ ಮಾತೇ ಇದಕ್ಕೆ ಒಪ್ಪುತ್ತದೆ. ಟ್ಯಾಬ್ ಸ್ವರದ ಹೆಸರು ಹೇಳುವುದಿಲ್ಲ, ಅದರ ವಿಳಾಸ ಹೇಳುತ್ತದೆ. ಗಿಟಾರಿನಲ್ಲಿ ಒಂದೇ ಸ್ವರಕ್ಕೆ ಹಲವು ವಿಳಾಸಗಳಿವೆ. ಸಾಮಾನ್ಯ ಶ್ರುತಿಯಲ್ಲಿ ಮೊದಲನೆಯ ತಂತಿಯನ್ನು ಬರಿದೆ ಮೀಟಿದರೆ ಹೊರಡುವ ಸ್ವರವೇ ಎರಡನೆಯ ತಂತಿಯ ಐದರಲ್ಲಿ, ಮೂರನೆಯದರ ಒಂಬತ್ತರಲ್ಲಿ, ನಾಲ್ಕನೆಯದರ ಹದಿನಾಲ್ಕರಲ್ಲಿಯೂ ಇದೆ. ಪಾಶ್ಚಾತ್ಯರ ಐದು ಗೆರೆಯ ಸ್ವರಲಿಪಿ ಸ್ವರವನ್ನು ತಿಳಿಸಿ, ಅದನ್ನು ಎಲ್ಲಿ ಹುಡುಕಬೇಕೆಂಬುದನ್ನು ನುಡಿಸುವವನಿಗೇ ಬಿಡುತ್ತದೆ. ಟ್ಯಾಬ್ ನೇರವಾಗಿ ಮನೆಯ ಬಾಗಿಲಿಗೇ ಕರೆದೊಯ್ದು ನಿಲ್ಲಿಸುತ್ತದೆ. ಸಂಗೀತ ಬಾರದವನಿಗೆ ಇದಕ್ಕಿಂತ ದೊಡ್ಡ ಉಪಕಾರ ಯಾವುದಿದೆ?

ಓದುವುದು ಎರಡು ದಿನದಲ್ಲಿ ಬಂತು. ಕೈ ಮಾತ್ರ ಅಷ್ಟು ಬೇಗ ಬರಲಿಲ್ಲ. ಇಪ್ಪತ್ತು ವರ್ಷ ಫೈಲು ಕಟ್ಟಿದ ಬೆರಳುಗಳು ಉಕ್ಕಿನ ತಂತಿಯನ್ನು ಕಂಡು ಮುಷ್ಕರ ಹೂಡಿದವು. ಎಡಗೈಯ ತುದಿಗಳು ಮೊದಲ ವಾರ ಕೆಂಪಾಗಿ, ಎರಡನೆಯ ವಾರ ಉರಿದು, ಮೂರನೆಯ ವಾರ ಗಟ್ಟಿಯಾದವು. ನನ್ನಾಕೆ ಅಡಿಗೆಮನೆಯಿಂದಲೇ, "ಅಲ್ರೀ, ಹತ್ತು ಹೊಡೀತು, ಇನ್ನೂ ಆ ತಂತಿ ಜೋಡಿ ಜಗಳ ಮುಗೀಲಿಲ್ಲೇನು?" ಎನ್ನುತ್ತಿದ್ದಳು. ಕೆಳಗಿನ ಮನೆಯ ಕುಲಕರ್ಣಿಯವರು ಏನೂ ಅನ್ನಲಿಲ್ಲ. ಲಿಫ್ಟಿನಲ್ಲಿ ಸಿಕ್ಕಾಗ ನಗುತ್ತಿದ್ದರು ಅಷ್ಟೆ.

ಬಿ.ಎಸ್ಸಿ. ಓದಿದ್ದು ಸರ್ಕಾರಿ ಕೆಲಸದಲ್ಲಿ ಉಪಯೋಗಕ್ಕೆ ಬಂದದ್ದು ನನಗೆ ನೆನಪಿಲ್ಲ. ಇಲ್ಲಿ ಬಂತು. ಧಾರವಾಡದಲ್ಲಿ ಪದವಿಗೆ ಓದುವಾಗ ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಸೋನೋಮೀಟರ್ ಎಂಬ ಮರದ ಪೆಟ್ಟಿಗೆ ಇತ್ತು. ಮೇಲೆ ಒಂದು ತಂತಿ, ತುದಿಗೆ ತೂಗುಹಾಕಿದ ತೂಕದ ಕಲ್ಲು, ತಂತಿಯ ಮೇಲೆ ಸಣ್ಣದೊಂದು ಕಾಗದದ ಚೂರು. ಶ್ರುತಿದಂಡ ಬಾರಿಸಿ ಪೆಟ್ಟಿಗೆಗೆ ತಾಗಿಸಿದಾಗ ಕಾಗದ ಹಾರಿಬಿದ್ದರೆ ಉದ್ದ ಸರಿಯಾಯಿತೆಂದು ಅರ್ಥ. ಗಿಟಾರು ಕೈಗೆ ಬಂದಾಗ ಇದು ಆರು ತಂತಿಯ ಸೋನೋಮೀಟರೇ ಸರಿ ಎನ್ನಿಸಿತು. ಅಳತೆಪಟ್ಟಿ ತೆಗೆದು ಕುಳಿತೆ. ನಮ್ಮ ಗಿಟಾರಿನ ತಂತಿ 65 ಸೆಂಟಿಮೀಟರು. ಹನ್ನೆರಡನೆಯ ಫ್ರೆಟ್ಟು ಸರಿಯಾಗಿ ಅರ್ಧದಲ್ಲಿ, 32.5ಕ್ಕೆ. ಉದ್ದ ಅರ್ಧವಾದರೆ ಕಂಪನ ಎರಡು ಪಟ್ಟು, ಅಂದರೆ ಮೇಲಿನ ಷಡ್ಜ. ಮೊದಲ ಫ್ರೆಟ್ಟು ಸುಮಾರು 3.65 ಸೆಂಟಿಮೀಟರು ದೂರ, ಎರಡನೆಯದು ಅದರಿಂದ 3.44. ಮುಂದೆ ಹೋದಂತೆಲ್ಲ ಮನೆಗಳು ಕಿರಿದಾಗುತ್ತವೆ. ಪ್ರತಿ ಮನೆಗೂ ಕಂಪನ 1.0595 ಪಟ್ಟು ಏರುತ್ತದೆ. ಹನ್ನೆರಡು ಸಲ ಹೀಗೆ ಗುಣಿಸಿದರೆ ಎರಡು. ಆ ರಾತ್ರಿ ನಾನು ನುಡಿಸಲಿಲ್ಲ, ಲೆಕ್ಕವನ್ನೇ ಮಾಡಿದೆ. ನನ್ನಾಕೆಗೆ ಬಹಳ ನೆಮ್ಮದಿಯಾಯಿತು.

ಈ ಲೆಕ್ಕದ ಬೆನ್ನು ಹತ್ತಿದಾಗ ಒಬ್ಬ ಹಳೆಯ ಪರಿಚಯಸ್ಥರ ತಂದೆಯ ಭೇಟಿಯಾಯಿತು. ಗೆಲಿಲಿಯೋ ನಮಗೆಲ್ಲ ಗೊತ್ತು. ಆತನ ತಂದೆ ವಿನ್ಚೆಂಜೊ ಗೆಲಿಲಿ, ಇಟಲಿಯಲ್ಲಿ ಲ್ಯೂಟ್ ಎಂಬ ವಾದ್ಯದ ಹೆಸರಾಂತ ವಿದ್ವಾಂಸ. ಟ್ಯಾಬ್ಲೇಚರಿನಲ್ಲಿ ಹಾಡುಗಳನ್ನು ಅಳವಡಿಸುವುದು ಹೇಗೆಂಬುದರ ಮೇಲೆ 1568ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದವನು. ಫ್ರೆಟ್ಟುಗಳನ್ನು ಕಟ್ಟಲು ಅವನು 1581ರಲ್ಲಿ ಹೇಳಿದ ಸೂತ್ರ ಗುಮಾಸ್ತರಿಗೂ ತಿಳಿಯುವಂಥದು: ಉಳಿದ ತಂತಿಯ ಹದಿನೆಂಟನೆಯ ಒಂದು ಭಾಗವನ್ನು ಬಿಟ್ಟು ಮುಂದಿನ ಫ್ರೆಟ್ಟು ಕಟ್ಟು. ನಮ್ಮ 65 ಸೆಂಟಿಮೀಟರಿನ ತಂತಿಗೆ ಈ ಸೂತ್ರ ಹಚ್ಚಿ ಹನ್ನೆರಡು ಮನೆ ದಾಟಿದರೆ ನಡುಬಿಂದುವಿಗೆ ಎರಡೂವರೆ ಮಿಲಿಮೀಟರಿಗಿಂತ ಕಡಿಮೆ ವ್ಯತ್ಯಾಸ. ಅಷ್ಟೇ ಅಲ್ಲ, ತಂತಿಗೆ ತೂಕ ಕಟ್ಟಿ ಪರೀಕ್ಷಿಸಿ, ಸ್ವರ ಒಂದು ಸಪ್ತಕ ಏರಬೇಕಾದರೆ ತೂಕ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗಬೇಕೆಂದು ತೋರಿಸಿದವನೂ ಅವನೇ. ನಾವು ಸೋನೋಮೀಟರಿನ ಮೇಲೆ ಮಾಡಿದ್ದೂ ಅದೇ ಪ್ರಯೋಗ. ಮಗ ದುರ್ಬೀನು ಹಿಡಿಯುವುದಕ್ಕೆ ಮೊದಲು ಅಪ್ಪ ತಂತಿಗೆ ಕಲ್ಲು ಕಟ್ಟಿ ನೋಡುತ್ತಿದ್ದ.

ಟ್ಯಾಬ್ಲೇಚರ್ ಇಷ್ಟು ಹಳೆಯದೆಂದು ನನಗೆ ಗೊತ್ತೇ ಇರಲಿಲ್ಲ. ಹುಡುಗರ ಕಂಪ್ಯೂಟರಿನ ಸಂತಾನ ಇದು ಎಂದುಕೊಂಡಿರುವವರು ಬಹಳ. ವೆನಿಸ್ ನಗರದ ಪೆಟ್ರುಚಿ ಎಂಬ ಮುದ್ರಕ ಲ್ಯೂಟ್ ಟ್ಯಾಬ್ಲೇಚರಿನ ಪುಸ್ತಕವನ್ನು ಅಚ್ಚು ಹಾಕಿದ್ದು 1507ರಲ್ಲಿ. ಇಟಲಿಯವರು ಮೇಲಿನ ಗೆರೆಯನ್ನು ದಪ್ಪ ತಂತಿಗೆ ಕೊಟ್ಟು ಅಂಕಿ ಬರೆದರು, ಫ್ರೆಂಚರು ಸಣ್ಣ ತಂತಿಗೆ ಕೊಟ್ಟು ಅಕ್ಷರ ಬರೆದರು. ಈಗಿನ ಗಿಟಾರಿನವರು ಫ್ರೆಂಚರ ಗೆರೆಯನ್ನೂ ಇಟಲಿಯ ಅಂಕಿಯನ್ನೂ ಬಳಸುತ್ತಿದ್ದಾರೆ.

ಆದರೆ ಆ ಹಳಬರ ಹಾಳೆಯಲ್ಲಿದ್ದ ಒಂದು ವಸ್ತು ನನ್ನ ಹಾಳೆಯಲ್ಲಿ ಇರಲಿಲ್ಲ. ಅವರು ಗೆರೆಗಳ ಮೇಲೆ ಬಾಲದ ಗುರುತು ಹಾಕಿ ಪ್ರತಿ ಸ್ವರ ಎಷ್ಟು ಹೊತ್ತು ನಿಲ್ಲಬೇಕೆಂದು ತೋರಿಸುತ್ತಿದ್ದರು. ಇಂದಿಗೂ ಒಳ್ಳೆಯ ಅಚ್ಚಿನ ಪುಸ್ತಕಗಳಲ್ಲಿ ಅದು ಉಂಟು. 1990ರ ದಶಕದಿಂದ ಕಂಪ್ಯೂಟರಿನ ಮೇಲೆ ಬರಿಯ ಅಡ್ಡಗೆರೆ ಮತ್ತು ಅಂಕಿ ಹೊಡೆದು ಹಂಚುವ ಅಗ್ಗದ ಟ್ಯಾಬುಗಳಲ್ಲಿ ಆ ಗುರುತು ಬಿದ್ದುಹೋಯಿತು. ಎಲ್ಲಿ ಎಂಬುದು ಉಳಿಯಿತು, ಎಷ್ಟು ಹೊತ್ತು ಎಂಬುದು ಹೋಯಿತು. ಪರಿಣಾಮ ಏನೆಂದರೆ, ಕೇಳಿದ ಹಾಡಾದರೆ ಟ್ಯಾಬ್ ಸುಲಭ. 1973ರ 'ಯಾದೋಂ ಕೀ ಬಾರಾತ್' ಚಿತ್ರದ ಹಾಡೊಂದರ ಆರಂಭದಲ್ಲಿ ಭೂಪಿಂದರ್ ಸಿಂಗರು ನುಡಿಸಿದ ಗಿಟಾರು ನಮ್ಮ ವಯಸ್ಸಿನವರಿಗೆಲ್ಲ ರೇಡಿಯೋದಿಂದ ಬಾಯಿಪಾಠ. ಅದರ ಟ್ಯಾಬ್ ಕಂಡೊಡನೆ ಅಂಕಿಗಳು ತಾವಾಗಿಯೇ ಹಾಡತೊಡಗಿದವು. ಮರುದಿನ, ನಾನೆಂದೂ ಕೇಳದ ಸ್ಪೇನಿನ ಯಾವುದೋ ಗತ್ತಿನ ಟ್ಯಾಬ್ ಇಟ್ಟುಕೊಂಡೆ. ಅಂಕಿಗಳೆಲ್ಲ ಸರಿಯಾಗಿ ಬಂದವು. ಬಂದದ್ದು ಹಾಡಲ್ಲ, ಪಗಾರದ ಪಟ್ಟಿ ಓದಿದ ಹಾಗಿತ್ತು. ನಮ್ಮ ಸ್ಟೆನೋ ನೆನಪಾದ. ಅವನ ಗೀಟುಗಳು ಓದಲು ಬರುವುದು, ಹೇಳಿದ ಮಾತು ಕಿವಿಯಲ್ಲಿ ಇನ್ನೂ ಹಸಿಯಾಗಿರುವವರೆಗೆ.

ಚೀನದಲ್ಲಿ ಗುಚಿನ್ ಎಂಬ ಏಳು ತಂತಿಯ ಪ್ರಾಚೀನ ವಾದ್ಯವಿದೆ. ಅದರ ಬರಹವೂ ಹೀಗೆಯೇ: ಯಾವ ತಂತಿ, ಯಾವ ಜಾಗ, ಯಾವ ಬೆರಳು, ಹೇಗೆ ಮೀಟಬೇಕು, ಎಲ್ಲವನ್ನೂ ಹೇಳಿ ಕಾಲವನ್ನು ಖಚಿತವಾಗಿ ಹೇಳುವುದಿಲ್ಲ. ಗುರುವಿನ ಸಂತತಿ ಕಡಿದುಹೋದ ಹಳೆಯ ಗೀತವನ್ನು ಮತ್ತೆ ಜೀವಂತಗೊಳಿಸಲು ವಾದಕರು ಬಹಳ ಕಾಲ ಅದರೊಡನೆ ಗುದ್ದಾಡಬೇಕಾಗುತ್ತದೆ. ನಮ್ಮ ಕರ್ನಾಟಕ ಸಂಗೀತದ ಸ್ವರಲಿಪಿ ಈ ವಿಷಯದಲ್ಲಿ ಜಾಣತನ ತೋರಿದೆ. ಅಲ್ಲಿ ದೀರ್ಘಾಕ್ಷರಕ್ಕೆ ಎರಡು ಪಟ್ಟು ಕಾಲ. ಅಲ್ಪವಿರಾಮ ಹಾಕಿದರೆ ಒಂದು ಅಕ್ಷರ ಕಾಲ, ಅರ್ಧವಿರಾಮ ಹಾಕಿದರೆ ಎರಡು. ಸ್ವರದ ಹೆಸರಿನಲ್ಲಿಯೇ ಕಾಲ ಅಡಗಿದೆ. ಇದು ಮುಂದೆ ನನಗೆ ಕೆಲಸಕ್ಕೆ ಬಂತು.

ಸಂಕ್ರಾಂತಿಗೆ ಅವ್ವ ಧಾರವಾಡದಿಂದ ಬಂದಳು. ಈಗ ಎಪ್ಪತ್ತಾರು. ಗಿಟಾರು ನೋಡಿ, "ಇದೇನೋ ತಮ್ಮಾ, ಸಿಂಬಿ ಇಲ್ಲದ ತಂಬೂರಿ?" ಎಂದಳು. ಅವಳಿಗೆ ಒಂದು ಜೋಗುಳ ಬರುತ್ತದೆ. ಅವಳ ಅಜ್ಜಿ ಹಾಡಿದ್ದು, ನನ್ನನ್ನೂ ನನ್ನ ಮಗನನ್ನೂ ಮಲಗಿಸಿದ್ದು. ಯಾವ ಪುಸ್ತಕದಲ್ಲಿಯೂ ನಾನು ಅದನ್ನು ಕಂಡಿಲ್ಲ. ನನ್ನ ಅಕ್ಕನಿಗೆ ಅರ್ಧ ಬರುತ್ತದೆ, ನನ್ನಾಕೆಗೆ ಧಾಟಿ ಬರುತ್ತದೆ, ಮಾತು ಬಾರದು. ಮಧ್ಯಾಹ್ನ ಅವ್ವ ಶೇಂಗಾ ಬಿಡಿಸುತ್ತ ಗುನುಗುತ್ತಿದ್ದಾಗ ನಾನು ಸುಮ್ಮನೆ ಗಿಟಾರಿನ ಮೇಲೆ ಬೆರಳಿಟ್ಟು ಹುಡುಕಿದೆ. ಅವಳ ಷಡ್ಜ ಪೇಟಿಯ ಬಿಳಿ ಐದು. ಗಿಟಾರಿನ ಮೂರನೆಯ ತಂತಿ ಬರಿದೆ ಮೀಟಿದರೆ ಅದೇ. ಇಡೀ ಜೋಗುಳ ಐದು ಸ್ವರದೊಳಗಿನದು. ಸ ಮೂರನೆಯ ತಂತಿಯ ಸೊನ್ನೆ, ರಿ ಅದರ ಎರಡು, ಗ ಎರಡನೆಯ ತಂತಿಯ ಸೊನ್ನೆ, ಮ ಒಂದು, ಪ ಮೂರು. ನಾಲ್ಕು ತಲೆಮಾರಿನ ಮಕ್ಕಳನ್ನು ಮಲಗಿಸಿದ ಹಾಡು ಎರಡು ತಂತಿಯ ಮೇಲೆ ಕುಳಿತುಬಿಟ್ಟಿತು.

ಬರೆಯತೊಡಗಿದ ಮೇಲೆ ಗೊತ್ತಾಯಿತು, ಅದು ಕುಳಿತಿರಲಿಲ್ಲ. ಗದಿಂದ ರಿಗೆ ಬರುವಾಗ ಅವ್ವ ನೆಟ್ಟಗೆ ಇಳಿಯುವುದಿಲ್ಲ, ಮೀಂಡದಲ್ಲಿ ಜಾರುತ್ತಾಳೆ. ಬರಿದಾದ ತಂತಿಯಿಂದ ಇನ್ನೊಂದು ತಂತಿಗೆ ಜಾರಲು ಬರುವುದಿಲ್ಲ. ಆಗ ಆ ಹಲವು ವಿಳಾಸಗಳ ಸೌಕರ್ಯ ಒದಗಿತು: ಗ ಮೂರನೆಯ ತಂತಿಯ ನಾಲ್ಕರಲ್ಲಿಯೂ ಇದೆಯಲ್ಲ! ನಾಲ್ಕರಿಂದ ಎರಡಕ್ಕೆ ಬೆರಳು ಎತ್ತದೆ ಜಾರಿದರೆ ಅವ್ವನ ಕೊರಳಿನ ಹತ್ತಿರ ಬರುತ್ತದೆ. ಇನ್ನೊಂದು ತೊಡಕು, ಅವಳು ಎರಡು ಸಲ ಹಾಡಿದರೆ ಎರಡು ಥರ. "ಅವ್ವಾ, ಹಿಂದಿನ ಸಲ ಇಲ್ಲಿ ನಾಲ್ಕು ಸಲ ತೂಗಿದ್ದಿ, ಈಗ ಆರು ಸಲ. ಯಾವುದು ಬರಕೊಳ್ಳಲಿ?" ಎಂದರೆ, "ಕೂಸು ಮಲಗೂತನಕಾ ಹಾಡೂದಪ್ಪಾ, ಅದಕ್ಕೇನು ಲೆಕ್ಕಾ?" ಎಂದು ಶೇಂಗಾದ ಸಿಪ್ಪೆ ಊದಿದಳು. ಟ್ಯಾಬ್ಲೇಚರಿನಲ್ಲಿ ಇದಕ್ಕೆ ಗುರುತಿಲ್ಲ. ನಾಲ್ಕು ಎಂದೇ ಬರೆದೆ.

ಉಳಿದದ್ದು ಕಾಲ. ಅದಕ್ಕೆ ಬೇರೆ ಗುರುತು ಹಾಕುವ ಬದಲು ಅಂಕಿಗಳ ಕೆಳಗೆ ಹಾಡಿನ ಮಾತನ್ನು ಕನ್ನಡದಲ್ಲಿ ಬರೆದೆ. ಬರೆಯುತ್ತಾ ಹೋದಂತೆ ಒಂದು ವಿಷಯ ಕಣ್ಣಿಗೆ ಬಿತ್ತು. ಕನ್ನಡದಲ್ಲಿ ಒಂದು ಉಚ್ಚಾರಕ್ಕೆ ಒಂದು ಅಕ್ಷರ. ಆದ್ದರಿಂದ ಒಂದೊಂದು ಅಂಕಿಯ ಕೆಳಗೆ ಒಂದೊಂದು ಅಕ್ಷರ ಅಚ್ಚುಕಟ್ಟಾಗಿ ನಿಂತಿತು. ಹ್ರಸ್ವವಿದ್ದಲ್ಲಿ ಅವ್ವ ಹೆಚ್ಚಾಗಿ ಬೇಗ ದಾಟುತ್ತಾಳೆ, ದೀರ್ಘವಿದ್ದಲ್ಲಿ ನಿಲ್ಲುತ್ತಾಳೆ. ಎಲ್ಲೆಡೆಯೂ ಅಲ್ಲ, ಜೋಗುಳದಲ್ಲಿ ಹ್ರಸ್ವವನ್ನೂ ಎಳೆಯುವುದುಂಟು. ಆದರೂ ಮುಕ್ಕಾಲು ಪಾಲು ಕಾಲವನ್ನು ಲಿಪಿಯೇ ಹೇಳಿಬಿಟ್ಟಿತು. ಅಂಕಿ ಬೆರಳಿಗೆ ಜಾಗ ತೋರಿಸಿತು, ಅಕ್ಷರ ಹೊತ್ತು ತೋರಿಸಿತು.

ಹಾಳೆಯ ಫೋಟೋ ತೆಗೆದು ಮಗನಿಗೆ ಕಳುಹಿಸಿದೆ. ಆ ರಾತ್ರಿ ಅವನ ಫೋನು. "ಅಪ್ಪಾ, ಇದು ಅಜ್ಜಿ ಹಾಡಲ್ಲ?" ಎರಡನೆಯ ಸಲಕ್ಕೇ ಸರಿಯಾಗಿ ನುಡಿಸಿದ, ಮೀಂಡವೂ ಬಂತು. ಆಮೇಲೆ ಕೋಣೆಯ ಜೊತೆಗಾರನಿಗೆ ಅದೇ ಹಾಳೆ ತೋರಿಸಿದನಂತೆ. ಆ ಹುಡುಗ ಅಸ್ಸಾಮಿನವನು, ಗಿಟಾರಿನಲ್ಲಿ ನನ್ನ ಮಗನಿಗಿಂತ ಬಹಳ ಮುಂದೆ. ನುಡಿಸಿದ್ದನ್ನು ನನಗೂ ಫೋನಿನಲ್ಲಿ ಕೇಳಿಸಿದರು. ಒಂದು ಅಂಕಿಯೂ ತಪ್ಪಿರಲಿಲ್ಲ. ಆದರೆ ಯಾವ ಕೂಸೂ ಅದಕ್ಕೆ ಮಲಗಲಾರದು. ಪಾಪ, ಅವನ ತೊಟ್ಟಿಲ ಮುಂದೆ ಬೇರೆ ಹಾಡು ಹಾಡಿದ್ದರಲ್ಲ.

ಮಗ ಆಗ ಕೇಳಿದ: "ಕೆಳಗಿನ ಮಾತು ಇಂಗ್ಲಿಷಿನಾಗ ಬರದು ಕಳಸು ಅಪ್ಪಾ." ಬರೆದು ನೋಡಿದೆ. ಹಾಲು ಎಂಬುದಕ್ಕೆ ಹುಡುಗರು ಫೋನಿನಲ್ಲಿ ಎಚ್, ಎ, ಎಲ್, ಯು ಎಂದು ನಾಲ್ಕು ಅಕ್ಷರ ಹೊಡೆಯುತ್ತಾರೆ. ಅವು ಎರಡು ಅಂಕಿಗಳ ಕೆಳಗೆ ಹಿಡಿಸದೆ ಅತ್ತಿತ್ತ ಚಾಚಿಕೊಂಡವು. ಮೇಲಾಗಿ ಕೂಸಿಗೆ ಕುಡಿಸುವುದು ಹಾಲೋ ಹಲ್ಲೋ ಎಂಬುದೂ ತಿಳಿಯದಾಯಿತು. ಕಳುಹಿಸಲಿಲ್ಲ. "ನಿನಗ ಹಾಡು ಬರತೈತಿ, ಅಂಕಿ ಬರತಾವ. ಅಂಕಿ ಹಿಡಕೊಂಡು ಹೋಗು, ಕೆಳಗಿನ ಅಕ್ಷರ ಯಾವುದಂತ ನಿನಗs ತಿಳೀತೈತಿ" ಎಂದೆ.

ಅವನು ಹಾಗೆಯೇ ಮಾಡತೊಡಗಿದ. ಅಂಕಿಯಿಂದ ಸ್ವರ, ಸ್ವರದಿಂದ ಅಜ್ಜಿಯ ಮಾತು, ಮಾತಿನಿಂದ ಅಕ್ಷರ. ಮೊದಲ ನುಡಿಯಲ್ಲಿ ಬರುವ ಬೇರೆ ಬೇರೆ ಅಕ್ಷರಗಳನ್ನು ಎಣಿಸಿದರೆ ಹತ್ತೊಂಬತ್ತು. ಎರಡು ವಾರದಲ್ಲಿ ಅವಷ್ಟನ್ನೂ ಗುರುತಿಸಿದ. ಅಂಕಲಿಪಿಯಲ್ಲಿ ಅರಸ ಆನೆಯ ಚಿತ್ರ ತೋರಿಸಿದರೂ ಸಾಧ್ಯವಾಗದ್ದು ಇದು. ಎರಡನೆಯ ನುಡಿಯನ್ನು ಬರೆದು ಕಳುಹಿಸಿದೆ. ಅದರಲ್ಲಿ 'ತೊಟ್ಟಿಲು' ಎಂಬ ಶಬ್ದ ಬರುತ್ತದೆ. ಮರುದಿನ ಕಚೇರಿಯಲ್ಲಿ ಊಟದ ಹೊತ್ತಿಗೆ ಅವನ ಫೋನು ಬಂತು.

"ಅಪ್ಪಾ, ಮೂರನೇ ಅಂಕಿ ಕೆಳಗ ಒಂದು ಅಕ್ಷರ ಐತಿ, ಅದರ ಬುಡಕ ಇನ್ನೊಂದು ಸಣ್ಣದು ಜೋತು ಬಿದ್ದೈತಿ. ಅದಕ್ಕೇನಂತಾರ?"

"ಅದಕ್ಕ ಒತ್ತು ಅಂತಾರ."

"ಒತ್ತು ಅಂದ್ರ? ತಂತಿ ಜೋರ್ ಒತ್ತಬೇಕೇನು?"

"ತಂತಿ ಅಲ್ಲೋ, ನಾಲಿಗಿ. ಅಂದು ನೋಡು."

ಫೋನಿನ ಆಚೆ ಅವನು ತೊ ಎಂದು, ತಡೆದು, ಟ್ಟಿ ಎಂದ. ಅಸ್ಸಾಮಿನ ಹುಡುಗನಿಂದಲೂ ಅನ್ನಿಸಿದ. ಮೂರನೆಯ ನುಡಿ ಅವ್ವನಿಗೆ ಸರಿಯಾಗಿ ನೆನಪಾಗುತ್ತಿಲ್ಲ. ಸೊಲ್ಲಾಪುರದಲ್ಲಿರುವ ಚಿಕ್ಕವ್ವನಿಗೆ ಬರುತ್ತದಂತೆ. ಮುಂದಿನ ತಿಂಗಳು ರಜೆ ಹಾಕಿ, ಗಿಟಾರು ಹೊತ್ತುಕೊಂಡು ಅಲ್ಲಿಗೆ ಹೋಗುವವನಿದ್ದೇನೆ.